ಆರಕ್ಕೆ ಆರು

ನಮ್ಮ ನರಸಿಂಹರಾಜಪುರದಲ್ಲಿ ಡಾಕ್ಟರು ಹೇಳಿದರೆ ಸಾಲದು, ಅದನ್ನೇ ಮೆಡಿಕಲ್ ಶಾಪಿನವನು ಇನ್ನೊಮ್ಮೆ ಹೇಳಬೇಕು. ಇಪ್ಪತ್ತಾರು ವರ್ಷದಿಂದ ಆ ಮೆಡಿಕಲ್ ಶಾಪಿನವನು ನಾನು, ಮಹಮ್ಮದ್ ಶಫಿ. ಇಂಗ್ಲಿಷಿನ ರಿಪೋರ್ಟು ತಂದು ಕೌಂಟರಿನ ಮೇಲೆ ಹರವಿ, "ಎಂತ ಬರ್ದಿದಾರೆ ನೋಡಿ ಸಾಬ್ರೇ" ಎನ್ನುತ್ತಾರೆ. ಗೊತ್ತಿದ್ದಷ್ಟು ಹೇಳಿ ಸುಮ್ಮನಾಗುವ ಸ್ವಭಾವ ನನ್ನದಲ್ಲ, ಮೇಲೆ ನಾಲ್ಕು ಮಾತು ಸೇರಿಸುತ್ತೇನೆ. ಹಾಗೆ ಸೇರಿಸಿದ ಒಂದು ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಅಂಗಡಿಯಿಂದ ಮೂರನೇ ಕಟ್ಟಡದಲ್ಲಿ ನೀಲಾಂಬಿಕೆಯವರ ಹಿಟ್ಟಿನ ಗಿರಣಿ. ಗಂಡ ತೀರಿಹೋದ ಮೇಲೆ ಒಬ್ಬರೇ ನಡೆಸಿದವರು. ನಲವತ್ತಮೂರಕ್ಕೆ ಅವರ ಎರಡೂ ಕಿಡ್ನಿ ಕೈಕೊಟ್ಟವು. ಸೀತೂರಿಗೆ ಮದುವೆ ಮಾಡಿಕೊಟ್ಟಿದ್ದ ತಂಗಿ ಶಿಲ್ಪಶ್ರೀ ಯಾರನ್ನೂ ಕೇಳದೆ ಮಂಗಳೂರಿನ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಅಕ್ಕತಂಗಿಯ ಜೀನುಗಳು ಎಷ್ಟು ಹೊಂದುತ್ತವೆ ಎಂದು ನೋಡುವ ಪರೀಕ್ಷೆ ಅದು. ರಿಪೋರ್ಟನ್ನು ಇಬ್ಬರೂ ನನ್ನ ಕೌಂಟರಿಗೇ ತಂದರು. ನೋಡಬೇಕಾದ ದೊಡ್ಡ ಗುರುತು ಆರು. ಅಪ್ಪನಿಂದ ಮೂರು, ಅಮ್ಮನಿಂದ ಮೂರು. ಇವರಿಬ್ಬರಲ್ಲಿ ಆರೂ ಒಂದೇ ಆಗಿದ್ದವು. ಒಡಹುಟ್ಟಿದವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಬರುವ ಯೋಗ.

"ಆರಕ್ಕೆ ಆರು," ಎಂದೆ. "ಜಾತಕ ನೋಡಿ ಮಾಡಿದ ಮದ್ವೆಲೂ ಹಿಂಗೆ ಕೂಡಿ ಬರಲ್ಲ ನೀಲಕ್ಕ. ಹೊರಗಿನದು ಬಂದಿದೆ ಅಂತ ನಿಮ್ಮ ಮೈಗೆ ಗೊತ್ತೇ ಆಗಲ್ಲ."

ಶಿಲ್ಪಶ್ರೀ ನಕ್ಕಳು. "ಗೊತ್ತಾಗದೆ ಎಂತ. ನಾನೇನು ಸುಮ್ನೆ ಕೂರೋಳಾ?"

ಕಸಿ ಚೆನ್ನಾಗಿ ಆಯಿತು. ಹೊಸ ಕಿಡ್ನಿಯನ್ನು ಬೆನ್ನ ಕಡೆಗಿಡುವುದಿಲ್ಲ, ಕಿಬ್ಬೊಟ್ಟೆಯ ಬಲಕ್ಕೆ ಕೂರಿಸುತ್ತಾರೆ. ಚರ್ಮದ ಕೆಳಗೆ ಕೈಗೆ ಸಿಗುತ್ತದೆ. ಮೈ ಅದನ್ನು ಪರರದ್ದೆಂದು ತಿಳಿದು ಹಾಳುಮಾಡದಂತೆ ಬೆಳಿಗ್ಗೆ ಒಂಬತ್ತಕ್ಕೊಂದು, ರಾತ್ರಿ ಒಂಬತ್ತಕ್ಕೊಂದು ಮಾತ್ರೆ. ಅದನ್ನು ಶಿವಮೊಗ್ಗದಿಂದ ತಿಂಗಳಿಗೊಂದು ಡಬ್ಬಿ ನಾನೇ ತರಿಸಿಕೊಡುತ್ತಿದ್ದೆ. ಐದು ವರ್ಷ ಗಿರಣಿ ನಿಲ್ಲಲಿಲ್ಲ.

ಆರನೇ ವರ್ಷದ ಮಾರ್ಚಿನಲ್ಲಿ ಶಿಲ್ಪಶ್ರೀಗೆ ಮಂಗನಕಾಯಿಲೆ ಬಂತು. ಜ್ವರ ಹತ್ತಿದ ಹನ್ನೊಂದನೇ ದಿನ ಹೋಗಿಬಿಟ್ಟಳು. ಒಂದೇ ಕಿಡ್ನಿ ಇದ್ದದ್ದಕ್ಕೆ ಹೋದಳೇ ಎಂದು ನೀಲಕ್ಕ ಸಿಕ್ಕ ಡಾಕ್ಟರನ್ನೆಲ್ಲ ಕೇಳಿದರು. ಎಲ್ಲರೂ ಅಲ್ಲ ಎಂದರು. ನನ್ನನ್ನೂ ಕೇಳಿದರು, ನಾನೂ ಅಲ್ಲ ಎಂದೆ. ಆ ಒಂದು ಸಲ ನನ್ನ ಮಾತು ನಡೆಯಲಿಲ್ಲ.

ಅವರ ಪದ್ಧತಿಯಂತೆ ಶಿಲ್ಪಶ್ರೀಯನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಎಲ್ಲರೂ ಹಿಡಿಮಣ್ಣು ಹಾಕಿದರು, ನೀಲಕ್ಕ ಹಾಕಲಿಲ್ಲ. ಬಲಗೈ ಕಿಬ್ಬೊಟ್ಟೆಯ ಮೇಲೇ ಇತ್ತು. ವಾಪಸು ಬರುವಾಗ ನನಗೆ ಮಾತ್ರ ಕೇಳುವಂತೆ ಹೇಳಿದರು: "ಪೂರ್ತಿ ಹೂಳಿಲ್ಲ ಸಾಬ್ರೇ. ಒಂದು ತುಂಡು ಹೊರಗೇ ಉಳೀತು. ಇನ್ನೂ ಬೆಚ್ಚಗಿದೆ."



ಆಮೇಲೆ ಗಿರಣಿಗೆ ಹೋಗಿ ಬಂದವರು ಒಂದೊಂದು ಹೇಳತೊಡಗಿದರು. ಬೆಲ್ಟು ತಿರುಗುವಾಗ ನೀಲಕ್ಕ ತಮ್ಮ ಕಿಬ್ಬೊಟ್ಟೆಯ ಕಡೆ ಬಗ್ಗಿ, ಹಿಟ್ಟು ಇಷ್ಟು ನಯ ಸಾಕೋ ಎಂದು ಕೇಳುತ್ತಾರಂತೆ. ಸ್ವಲ್ಪ ಕಾಯುತ್ತಾರಂತೆ, ಆಮೇಲೆ ತಲೆಯಾಡಿಸುತ್ತಾರಂತೆ. ಶಿಲ್ಪಶ್ರೀಯ ಮಗಳು ನಿಶ್ಚಿತಾ ಡಿಗ್ರಿ ಓದಲು ದೊಡ್ಡಮ್ಮನ ಮನೆಗೇ ಬಂದಿದ್ದಳು. ದೊಡ್ಡಮ್ಮ ಎರಡು ಲೋಟ ನೀರು ತುಂಬಿಸಿ ಎರಡನ್ನೂ ತಾವೇ ಕುಡಿಯುತ್ತಾರೆ ಎಂದಳು. ದುಃಖ, ಕಾಲ ಕಳೆದರೆ ಸರಿಹೋಗುತ್ತದೆ ಎಂದುಕೊಂಡು ನಾನು ಸುಮ್ಮನಿದ್ದೆ. ಮಾತಾಡಬಾರದ ಕಡೆ ಮಾತಾಡಿದವನು ಮಾತಾಡಬೇಕಾದ ಕಡೆ ಬಾಯಿ ಹೊಲಿದುಕೊಂಡೆ.

ಸೆಪ್ಟೆಂಬರ್ ಕೊನೆಯಲ್ಲಿ ಕಪಾಟು ಒರೆಸುವಾಗ ನೋಡಿದರೆ, ಆ ತಿಂಗಳ ಅವರ ಡಬ್ಬಿ ಅಲ್ಲೇ ಕೂತಿದೆ. ಹಳೆಯದು ಮುಗಿದಿಲ್ಲವೆಂದರೆ ನುಂಗಿಲ್ಲವೆಂದೇ ಅರ್ಥ. ಅಂಗಡಿ ಹಾಗೇ ಬಿಟ್ಟು ಗಿರಣಿಗೆ ಓಡಿದೆ. ನೀಲಕ್ಕನ ಮುಖ, ಪಾದ ಊದಿಕೊಂಡಿದ್ದವು.

"ಬೆಳಿಗ್ಗೆದು ನಿಶ್ಚಿತಾ ಎದುರು ನುಂಗ್ತೀನಿ, ರಾತ್ರಿದು ಬಿಟ್ಟಿದೀನಿ," ಎಂದರು. "ಹೊರಗಿನವ್ರು ಬಂದಿದಾರೆ, ಗಲಾಟೆ ಮಾಡ್ಬೇಡ ಅಂತ ಮೈಗೆ ಹೇಳೋ ಮಾತ್ರೆ ಅಲ್ವಾ ಇದು? ನನ್ನ ಶಿಲ್ಪಿ ಹೊರಗಿನವಳಾ? ಆರಕ್ಕೆ ಆರು, ಗೊತ್ತೇ ಆಗಲ್ಲ ಅಂತ ನೀವೇ ಹೇಳಿದ್ರಿ. ಅದನ್ನ ನುಂಗಿದಾಗೆಲ್ಲ ಅವಳನ್ನ ಹೊಸ್ತಿಲಾಚೆ ನಿಲ್ಸಿದ ಹಂಗಾಗ್ತಿತ್ತು."

ನಿಶ್ಚಿತಾಳನ್ನು ಕರೆದು, ಕಾರು ಹಿಡಿದು ಮಂಗಳೂರಿಗೆ ಹೊರಟೆವು.

ರಕ್ತದಲ್ಲಿ ಒಂದು ಚಿಲ್ಲರೆ ಇರುತ್ತಿದ್ದ ಕ್ರಿಯಾಟಿನಿನ್ ಮೂರರ ಹತ್ತಿರ ಬಂದಿತ್ತು. ಅಂದರೆ ಕಿಡ್ನಿ ಸೋಲುತ್ತಿತ್ತು. ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಆರು ದೊಡ್ಡ ಗುರುತು ಹೊಂದಿದ್ದು ಭಾಗ್ಯವೇ. ಅಂಥ ಕಿಡ್ನಿ ಸಾಮಾನ್ಯವಾಗಿ ಹೆಚ್ಚು ವರ್ಷ ಬಾಳುತ್ತದೆ. ಆದರೆ ಜೀನುಗಳಲ್ಲಿ ಸಾವಿರಾರು ಸಣ್ಣ ವ್ಯತ್ಯಾಸ ಉಳಿದೇ ಇರುತ್ತವೆ, ಮೈ ಅವನ್ನೂ ಗುರುತಿಸುತ್ತದೆ. ತದ್ರೂಪಿ ಅವಳಿಗಳನ್ನು ಬಿಟ್ಟರೆ ಯಾರೂ ಪೂರ್ತಿ ಒಂದೇ ಅಲ್ಲ. ಇನ್ನೊಂದು ತಿಂಗಳು ಬಿಟ್ಟಿದ್ದರೆ ತಂಗಿಯ ಕಿಡ್ನಿ ಉಳಿಯುತ್ತಿರಲಿಲ್ಲ.

ನೀಲಕ್ಕ ಗೋಡೆಯ ಕಡೆ ಮುಖ ತಿರುಗಿಸಿದರು. "ಅವಳು ಬೇರೆ ಅಂತ ನನ್ ಹತ್ರ ಹೇಳ್ಬೇಡಿ." ಡ್ರಿಪ್ ಹಾಕಿಸಿಕೊಂಡರು, ಆದರೆ ರಾತ್ರಿಯ ಮಾತ್ರೆಗೆ ಬಾಯಿ ತೆರೆಯಲಿಲ್ಲ.

ನಿಶ್ಚಿತಾ ಮಾತ್ರೆ ಹಿಡಿದು ಮಂಚದ ಅಂಚಿನಲ್ಲಿ ಕೂತಳು.

"ದೊಡ್ಡಮ್ಮ, ಒಳಗೆ ಬೇರೆ ಯಾರೋ ಇದಾರೆ ಅಂತ ಗೊತ್ತಾಗಿದ್ದಕ್ಕೇ ನಿಮ್ ಮೈ ಜಗಳಕ್ಕೆ ನಿಂತಿದೆ. ಮಾತ್ರೆನೇ ಬೇಡ ಅನ್ನೋ ಹಂಗಿದ್ದಿದ್ರೆ ಅಲ್ಲಿ ನೀವೊಬ್ರೇ ಇರ್ತಿದ್ರಿ. ಅಮ್ಮ ಇರ್ತಿರ್ಲಿಲ್ಲ."

ನೀಲಕ್ಕ ಮಾತ್ರೆಗೆ ಅಂಗೈ ಚಾಚಿದರು.

ಕ್ರಿಯಾಟಿನಿನ್ ಇಳಿಯಿತು, ಆದರೆ ಹಳೆಯ ಜಾಗಕ್ಕೆ ಬರಲಿಲ್ಲ. ಹೋದಷ್ಟು ಹೋಯಿತು, ಅದು ಇನ್ನು ತಿರುಗಿ ಬರುವುದಿಲ್ಲ ಎಂದರು ಡಾಕ್ಟರಮ್ಮ. ಆ ಹೋದದ್ದರಲ್ಲಿ ನನ್ನ ನಾಲಿಗೆಯ ಪಾಲಿದೆ. ಈಗ ಯಾರು ರಿಪೋರ್ಟು ತಂದರೂ ಬರೆದಷ್ಟನ್ನೇ ಓದಿ ಕೈಗೆ ಕೊಡುತ್ತೇನೆ.

ಬೆಳಿಗ್ಗೆಯ ಮಾತ್ರೆಯನ್ನು ನೀಲಕ್ಕ ನನ್ನ ಕೌಂಟರಿನಲ್ಲೇ ನುಂಗುತ್ತಾರೆ. ನಾನು ಎರಡು ಲೋಟ ನೀರು ಇಟ್ಟಿರುತ್ತೇನೆ. ಎರಡನ್ನೂ ಕುಡಿದು, ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾಯುತ್ತಾರೆ. ಗಿರಾಕಿಗಳಿದ್ದರೂ ಆಗ ನಾನು ಮಾತಾಡುವುದಿಲ್ಲ.

"ಸುಮ್ನೆ ಕೂರೋಳಲ್ಲ ಅಂದಿದ್ಲಲ್ಲ ಸಾಬ್ರೇ," ಎನ್ನುತ್ತಾರೆ. "ಇದಾಳೆ."