ಕ್ರೀಡಾಂಗಣದ ಹುಲ್ಲು, ಒಂದು ಹಿಡಿ ಬೂದಿ

ಶನಿವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಲಬಾಮಾದ ಬ್ಯಾಕ್ಸ್‌ಲಿ ಕಾಲೇಜಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಎಂಬತ್ತು ಸಾವಿರ ಖಾಲಿ ಆಸನಗಳ ನಡುವೆ, ಒಬ್ಬರೇ ಹೆಂಗಸು ಮಂಡಿಯೂರಿ ಕೂತಿದ್ದಾರೆ. ಪಕ್ಕದಲ್ಲಿ ಕಡುನೀಲಿ ಬಣ್ಣದ ಪಂಪು, ಕೈಯಲ್ಲಿ ಮೆದುವಾದೊಂದು ಬ್ರಷ್ಷು. ಉತ್ತರದ ತುದಿಯಲ್ಲಿ, ಚೆಂಡು ಹೊತ್ತು ತಂದು ಅಂಕ ಗಳಿಸುವ ಗೋಲುಪಟ್ಟಿಗೆ ಬಣ್ಣ ಹೊಡೆಯುತ್ತ ಬಂದವರು ಮೂಲೆಯಲ್ಲಿ ನಿಂತುಬಿಟ್ಟಿದ್ದಾರೆ. ಅಲ್ಲಿ ಇಬ್ಬನಿ ಹಿಡಿದ ಹುಲ್ಲಿನ ಮೇಲೆ ಮೊರದಗಲ ಬೂದುಬಣ್ಣದ ಪುಡಿ ಬಿದ್ದಿದೆ. ಬೇರೆ ಯಾರಾದರೂ ಆಗಿದ್ದರೆ ಕಿರುಚಿ ಎದ್ದು ಓಡುತ್ತಿದ್ದರು. ರೇನೆಲ್ ಟಿಡ್‌ವೆಲ್ ಹುಬ್ಬು ಕೂಡ ಹಾರಿಸುವುದಿಲ್ಲ.

"ಬಂದ್ರಾ? ಬನ್ನಿ ಬನ್ನಿ. ಇವತ್ತೇ ಬರ್ಬೇಕಿತ್ತಾ ನೀವು?" ಎಂದು ಪುಡಿಯನ್ನೇ ಮಾತಾಡಿಸುತ್ತಾರೆ.

ಹೌದು, ಅದು ಮನುಷ್ಯರ ಬೂದಿ. ಚಿತಾಭಸ್ಮ! ಬ್ಯಾಕ್ಸ್‌ಲಿಯವರಿಗೆ ಈ ಮೈದಾನದ ಹುಚ್ಚು ಸತ್ತ ಮೇಲೂ ಬಿಡುವುದಿಲ್ಲ. ನನ್ನನ್ನು ಚರ್ಚಿನ ಹಿತ್ತಲಲ್ಲಿ ಹೂಳಬೇಡಿ, ಗೋಲುಪಟ್ಟಿಯಲ್ಲಿ ಉದುರಿಸಿ ಎಂದು ಮಕ್ಕಳ ಹತ್ತಿರ ಆಣೆ ಹಾಕಿಸಿಕೊಂಡು ಕಣ್ಣು ಮುಚ್ಚುತ್ತಾರೆ. ಮಕ್ಕಳು ಅಪ್ಪನನ್ನು ಕಾಲುಚೀಲದಲ್ಲಿ ತರುತ್ತಾರೆ, ಅಜ್ಜಿಯನ್ನು ಪಾಪ್‌ಕಾರ್ನ್ ಡಬ್ಬಿಯಲ್ಲಿ ತರುತ್ತಾರೆ. ಒಬ್ಬ ಮಹಾನುಭಾವ ಪ್ಯಾಂಟಿನ ಜೇಬಿಗೆ ತೂತು ಮಾಡಿಕೊಂಡು, ವಾದ್ಯಮೇಳದ ಹಿಂದೆ ನಡೆಯುತ್ತ ನಡೆಯುತ್ತ ತನ್ನ ಮಾವನನ್ನು ಉದ್ದಕ್ಕೂ ಉದುರಿಸಿಕೊಂಡು ಹೋಗಿದ್ದನಂತೆ.

ಕಾಲೇಜು ಇದನ್ನು ಒಪ್ಪುವುದಿಲ್ಲ, ಹುಲ್ಲಂತೂ ಮೊದಲೇ ಒಪ್ಪುವುದಿಲ್ಲ. ಬೂದಿ ಗುಡ್ಡೆಯಾಗಿ ಬಿದ್ದರೆ ಹುಲ್ಲು ಬೇರುಸಮೇತ ಸುಟ್ಟು ಮುಂದಿನ ಶನಿವಾರಕ್ಕೆ ಬೋಳು ಕಾಣಿಸುತ್ತದೆ. ಹೀರುವ ಯಂತ್ರದಿಂದ ಚೀಲಕ್ಕೆ ಎಳೆದು ಕಸಕ್ಕೆ ಹಾಕಿ ಎಂಬುದು ಮೇಲಿನವರ ಆದೇಶ. ಆ ಆದೇಶವನ್ನು ರೇನೆಲ್ ಪಾಲಿಸಿದ್ದು ಕೆಲಸಕ್ಕೆ ಸೇರಿದ ವರ್ಷ, ಒಂದೇ ಒಂದು ಸಲ.

"ಚೀಲ ಕಸದ ತೊಟ್ಟಿಗೆ ಹಾಕಿ ಮನೆಗೆ ಹೋದೆ. ಊಟಕ್ಕೆ ಕೂತೋಳು ತಟ್ಟೆ ಹಾಗೇ ಬಿಟ್ಟೆ ನೋಡಿ. ಅಯ್ಯೋ ದೇವ್ರೇ, ಯಾರ ಅಪ್ಪನ್ನೋ ಕಸಕ್ಕೆ ಹಾಕ್ಬಿಟ್ನಲ್ಲ ಅಂತ ಎದ್ನೋ ಬಿದ್ನೋ ಅಂತ ವಾಪಸ್ ಓಡಿದೆ. ಲಾರಿ ಬಂದು ಹೋಗಿತ್ತು."

ಅಂದಿನಿಂದ ಅವರದು ಬೇರೆಯೇ ಪದ್ಧತಿ. ಬ್ರಷ್ಷಿನಿಂದ ಗುಡಿಸಿ, ಮೊರಕ್ಕೆ ತುಂಬಿ, ಆಟಗಾರರು ಓಡಿಬರುವ ಸುರಂಗದ ಬಾಯಲ್ಲಿರುವ ಹೂವಿನ ಪಾತಿಯಲ್ಲಿ ಹೂತುಬಿಡುತ್ತಾರೆ. "ನಮ್ ಹುಡುಗ್ರ ಕಾಲ್ಸಪ್ಪಳ ಅಲ್ಲೇ ಎಲ್ಲಕ್ಕಿಂತ ಜೋರು. ಸತ್ತೋರಿಗೆ ಇನ್ನೇನು ಬೇಕು?" ಎನ್ನುತ್ತಾರೆ. ಆ ಪಾತಿಯಲ್ಲಿ ಎಷ್ಟು ಜನ ಒಟ್ಟಿಗೆ ಮಲಗಿದ್ದಾರೋ ಅವರಿಗೇ ಗೊತ್ತಿಲ್ಲ. ಒಮ್ಮೆ ಅಲ್ಲಿಗೆ ಸೇರಿದವರನ್ನು ಬೇರೆ ಮಾಡಿ ತೆಗೆಯುವ ಮಾತೇ ಇಲ್ಲ.

ರೇನೆಲ್‌ಗೆ ಈಗ ಅರವತ್ತೊಂದು. ಊರಿನ ಬಟ್ಟೆ ಗಿರಣಿ ಮುಚ್ಚಿದಾಗ ಕೈಯಲ್ಲಿ ಕೆಲಸವಿಲ್ಲದೆ, ಹಾಸಿಗೆ ಹಿಡಿದ ಗಂಡನನ್ನು ಮನೆಯಲ್ಲಿ ಬಿಟ್ಟು ಇಲ್ಲಿಗೆ ಬಂದವರು. ಹುಲ್ಲು ನೋಡಿಕೊಳ್ಳುವ ಗಂಡಸರು "ದಾರಿ ತಪ್ಪಿದ್ರಾ ಅಕ್ಕ? ಅಡುಗೆಮನೆ ಆ ಕಡೆ" ಎಂದು ಹಲ್ಲು ಕಿರಿದಿದ್ದರಂತೆ. ಹಾಗೆ ಕಿರಿದವರಲ್ಲಿ ಈಗ ಒಬ್ಬರೂ ಕೆಲಸದಲ್ಲಿಲ್ಲ, ಗಂಡನೂ ಇಲ್ಲ. ಗುರುವಾರ ಬಿಳಿಗೆರೆ, ಶುಕ್ರವಾರ ಗಜದ ಅಂಕಿ, ಶನಿವಾರ ನಸುಕಿನಲ್ಲಿ ಗೋಲುಪಟ್ಟಿ, ಭಾನುವಾರ ತುಳಿಸಿಕೊಂಡ ಹುಲ್ಲಿಗೆ ಆರೈಕೆ. ಎರಡೂ ಮಂಡಿಗಳು ಸವೆದಿವೆ, ಉಗುರಿನ ಸಂದಿಯ ನೀಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಇವತ್ತಂತೂ ಸಾಮಾನ್ಯ ಶನಿವಾರವಲ್ಲ. ಹುಟ್ಟುವೈರಿ ಮ್ಯಾರೆಟ್ ತಂಡ ಬರುವ ದಿನ. ದೇಶದ ಕಾಲೇಜು ಕ್ರೀಡಾಂಗಣಗಳಿಗೆಲ್ಲ ಇಷ್ಟು ನಕ್ಷತ್ರ ಎಂದು ದರ್ಜೆ ಕೊಡುತ್ತ ತಿರುಗುವ ಟಿವಿಯವರೂ ಕ್ರೀಡಾಂಗಣದ ಹಿಂದಿನ ಹೊಳೆಯ ಪಕ್ಕ ಡೇರೆ ಹಾಕಿದ್ದಾರೆ. ಆಗಲೇ ಹೊರಗಿನ ಬಯಲಿನಲ್ಲಿ ಹಂದಿಮಾಂಸ ಬೇಯುವ ಹೊಗೆ ಎದ್ದಿದೆ, ಯಾರ ಬಾಯಲ್ಲಿ ನೋಡಿದರೂ ಯಾರ ಅಂಗಳ ದೊಡ್ಡದು ಎಂಬ ಒಂದೇ ಜಗಳ. ಬ್ಯಾಕ್ಸ್‌ಲಿಯಲ್ಲಿ ಜನ ತಗಡಿನ ಊಟದ ಡಬ್ಬಿ ಬಡಿಯುತ್ತಾರೆ. ಗಿರಣಿಯ ಪಾಳಿ ಮುಗಿಸಿ ನೇರ ಆಟಕ್ಕೆ ಬರುತ್ತಿದ್ದವರ ಕಾಲದಿಂದ ಬಂದ ರೂಢಿ ಅದು. ಎಂಬತ್ತು ಸಾವಿರ ಡಬ್ಬಿ ಒಟ್ಟಿಗೆ ಬಡಿದರೆ ಹಲ್ಲು ಅಲ್ಲಾಡುತ್ತವೆ. ಮ್ಯಾರೆಟ್‌ನದು ನೆಲ ತೋಡಿ ಬಾಣಲೆಯ ಹಾಗೆ ಮಾಡಿದ ಮೈದಾನ. ಅಲ್ಲಿ ತಂಡ ಒಳಗೆ ಬರುವಾಗ ಇಡೀ ಜನಸಾಗರ ತುಟಿ ಹೊಲಿದಂತೆ ಸುಮ್ಮನಾಗುತ್ತದೆ. ಒಂದೇ ಒಂದು ನಗಾರಿ ಪೆಟ್ಟು ಬೀಳುತ್ತದೆ, ಆಮೇಲೆ ಆಕಾಶ ಬಿರಿಯುತ್ತದೆ.

"ಅವರ್ದು ಸ್ಟೇಡಿಯಮ್ಮಾ? ಸುಡುಗಾಡು!" ಎಂದು ಇವರು. "ನಿಮ್ದೇನು, ಪಾತ್ರೆ ಅಂಗಡಿ!" ಎಂದು ಅವರು.

ರೇನೆಲ್ ಇಷ್ಟು ವರ್ಷವಾದರೂ ಮ್ಯಾರೆಟ್ ಕಡೆ ಕಾಲಿಟ್ಟವರಲ್ಲ. "ನಾನ್ಯಾಕೆ ಹೋಗ್ಲಿ? ಹೋಗಿ, ಅಕಸ್ಮಾತ್ ಚೆನ್ನಾಗಿದೆ ಅನ್ನಿಸ್ಬಿಟ್ರೆ?" ಎಂದು ನಗುತ್ತಾರೆ.

ಮೊರ ಅರ್ಧ ತುಂಬಿದೆ. ಅಷ್ಟರಲ್ಲಿ ಆಸನಗಳ ಮುಂದಿನ ಕಂಬಿಯನ್ನು ಯಾರೋ ಹಾರಿದ ಸದ್ದು. ಐವತ್ತರ ಆಸುಪಾಸಿನ ಒಬ್ಬ ಗಂಡಸು ಕೈ ಬೀಸುತ್ತ, ಈಗಷ್ಟೇ ಹೊಡೆದ ನೀಲಿಯ ಮೇಲೇ ದಬದಬ ಓಡಿ ಬರುತ್ತಿದ್ದಾನೆ!

"ಏಯ್! ಬಣ್ಣ ಹಸಿ ಇದೆ ಕಣಯ್ಯ! ನಿಂತ್ಕೋ ಅಲ್ಲೇ! ಅಯ್ಯೋ ನನ್ನ ಬಿಳಿಗೆರೆ! ಹಾಳಾಗ್ ಹೋಗ!"

ಆತ ನಿಲ್ಲುವುದಿಲ್ಲ. ನೀಲಿ ಹೆಜ್ಜೆಗಳು ಬಿಳಿಗೆರೆ ದಾಟಿ ಹಸಿರು ಹುಲ್ಲಿಗೂ ಬರುತ್ತವೆ. ಬಂದವನೇ ಮೊರಕ್ಕೆ ಎರಡೂ ಕೈ ಅಡ್ಡ ಹಿಡಿಯುತ್ತಾನೆ.

"ಮೇಡಂ, ಅದನ್ನ ಎಲ್ಲೂ ಹಾಕ್ಬೇಡಿ! ಅದು ನಮ್ಮಪ್ಪ ಅಲ್ಲ!"

"ಮತ್ಯಾರಪ್ಪ?"

"ನಮ್ಮಮ್ಮ!"

ಆತನ ಹೆಸರು ಗ್ರೇಡಿ ಮ್ಯಾಶ್‌ಬರ್ನ್, ದೂರದ ಒಹಾಯೊದಲ್ಲಿ ವಾಸ. ಅಪ್ಪ ಹರ್ಷೆಲ್ ಹುಟ್ಟಾ ಬ್ಯಾಕ್ಸ್‌ಲಿಯವರು, ಅಮ್ಮ ಇಮೋಜೀನ್ ಹುಟ್ಟಾ ಮ್ಯಾರೆಟ್. ನಲವತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಬಗೆಹರಿಯದೆ ಉಳಿದ ಜಗಳ ಒಂದೇ: ಆಟದ ದಿನ ಯಾರ ಮೈದಾನದಲ್ಲಿ ಮೈ ಹೆಚ್ಚು ಜುಮ್ಮೆನ್ನುತ್ತದೆ? ಆ ಡಬ್ಬಿಗಳ ಸದ್ದಲ್ಲೋ, ಆ ಮೌನದಲ್ಲೋ? ಕಳೆದ ಚಳಿಗಾಲದ ಕೊನೆಗೆ ಹರ್ಷೆಲ್ ಹೋದರು, ಮೂರು ವಾರಕ್ಕೆ ಇಮೋಜೀನ್ ಹಿಂದೆಯೇ ಹೋದರು. ತಮ್ಮ ತಮ್ಮ ಮೈದಾನದಲ್ಲೇ ಉದುರಿಸಬೇಕೆಂದು ಇಬ್ಬರೂ ಮಗನಿಂದ ಮಾತು ತೆಗೆದುಕೊಂಡಿದ್ದರು.

ಬೂದಿಯ ಎರಡು ಡಬ್ಬಿಗಳು, ಅವಳಿಜವಳಿ. ಆದರೆ ಗುರುತಿಗೇನು ಕಷ್ಟ? ಒಂದರ ಜೊತೆ ಕಿತ್ತಳೆ ಟೋಪಿ, ಇನ್ನೊಂದರ ಜೊತೆ ನೀಲಿ ಟೋಪಿ. ಕಿತ್ತಳೆ ಮ್ಯಾರೆಟ್ ಬಣ್ಣ, ಅಂದರೆ ಅಮ್ಮ. ನೀಲಿ ಅಂದರೆ ಅಪ್ಪ. ಈ ಸೀಮೆಯಲ್ಲಿ ಹೆಸರು ಓದುವ ಅಗತ್ಯ ಯಾರಿಗಿದೆ? ಗ್ರೇಡಿ ಹೋದ ಶನಿವಾರ ಕಿತ್ತಳೆಯ ಡಬ್ಬಿಯನ್ನು ಮ್ಯಾರೆಟ್‌ನಲ್ಲಿ ಸುರಿದ. ನಿನ್ನೆ ಸಂಜೆ ವಾದ್ಯಮೇಳದ ತಾಲೀಮಿಗೆ ಬಾಗಿಲು ತೆಗೆದಾಗ ನೀಲಿಯದನ್ನು ಇಲ್ಲಿ ಸುರಿದ. ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಈ ಮಾತು ಬಂತು. ಚಿಕ್ಕಮ್ಮ ಚಮಚ ಕೆಳಗಿಟ್ಟು ಕೇಳಿದರಂತೆ:

"ಲೋ ಗ್ರೇಡಿ, ಹೋದ ವರ್ಷ ಸೋತಿದ್ದು ಯಾರೋ?"

ಅಪ್ಪ ಅಮ್ಮನ ಪಂಥ ಗ್ರೇಡಿಗೆ ಮರೆತೇಹೋಗಿತ್ತು. ಯಾರ ತಂಡ ಸೋಲುತ್ತದೋ ಅವರು ತಮ್ಮ ಟೋಪಿಯನ್ನು ಗೆದ್ದವರ ಕೈಗೊಪ್ಪಿಸಿ, ಮುಂದಿನ ಆಟದವರೆಗೆ ಗೆದ್ದವರ ಬಣ್ಣ ತೊಡಬೇಕು. ಹೋದ ವರ್ಷ ಸೋತದ್ದು ಬ್ಯಾಕ್ಸ್‌ಲಿ. ಆಸ್ಪತ್ರೆಯ ಹಾಸಿಗೆಯಲ್ಲೂ ಮಾತಿಗೆ ತಪ್ಪದೆ ಕಿತ್ತಳೆ ಟೋಪಿ ತೊಟ್ಟೇ ಇದ್ದವರು ಹರ್ಷೆಲ್! ಗೆದ್ದ ಗರ್ವಕ್ಕೆ ಗಂಡನ ನೀಲಿ ಟೋಪಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡವರು ಇಮೋಜೀನ್! ಅವರವರ ಹತ್ತಿರ ಸಿಕ್ಕ ಟೋಪಿಯೇ ಅವರವರ ಡಬ್ಬಿಯ ಜೊತೆ ಬಂದಿತ್ತು.

ರೇನೆಲ್ ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. "ಅಂದ್ರೆ... ಬ್ಯಾಕ್ಸ್‌ಲಿ ಮನುಷ್ಯನ್ನ ಮ್ಯಾರೆಟ್‌ನಲ್ಲಿ ಸುರಿದು ಬಂದ್ಯಾ? ಅಯ್ಯಯ್ಯೋ! ಏನು ಮಾಡ್ಬಿಟ್ಯೋ ಮಾರಾಯ!"

"ಕ್ಯಾರೆಟ್ ಕೂಡ ತಿಂತಿರ್ಲಿಲ್ಲ ಮೇಡಂ ನಮ್ಮಪ್ಪ, ಆ ಬಣ್ಣ ಅಂತ."

ಅಮ್ಮನನ್ನು ಬಾಚಿ ಕೊಡುವುದು ಕಷ್ಟವಲ್ಲ. ಒಂದರ್ಧ ಗಂಟೆ ತಡವಾಗಿದ್ದರೆ ಪಾತಿಯಲ್ಲಿ ಬೇರೆಯವರ ಜೊತೆ ಕಲೆತುಹೋಗುತ್ತಿದ್ದರು, ಸದ್ಯ ಇನ್ನೂ ಮೊರದಲ್ಲೇ ಇದ್ದಾರೆ. ಆದರೆ ಅಪ್ಪ? ಮ್ಯಾರೆಟ್‌ನ ಹುಲ್ಲು ನೋಡಿಕೊಳ್ಳುವ ಲಮಾರ್ ಸ್ಟಬ್ಸ್ ಎಂಬವರ ಹೆಸರನ್ನು ರೇನೆಲ್ ಕೇಳಿಬಲ್ಲರು, ಮಾತಾಡಿದ್ದಿಲ್ಲ. ಹುಲ್ಲುಬೀಜ ಮಾರುವವನಿಂದ ನಂಬರು ಈಸಿಕೊಂಡು, ಗಂಟಲು ಸರಿಮಾಡಿಕೊಂಡು ಫೋನು ಮಾಡುತ್ತಾರೆ.

"ಲಮಾರ್ ಅವರಾ? ನಾನು ಬ್ಯಾಕ್ಸ್‌ಲಿಯ ರೇನೆಲ್. ಇಡ್ಬೇಡಿ ಇಡ್ಬೇಡಿ, ಜಗಳಕ್ಕಲ್ಲ. ಹೋದ ಶನಿವಾರ ನಿಮ್ಮ ಮೂಲೇಲಿ ಯಾರಾದ್ರೂ... ಬಂದಿದ್ರಾ?"

"ಬಂದಿದ್ರು ತಾಯಿ. ಪೂರ್ವದ ಬಿಳಿಗೆರೆ ಪಕ್ಕ."

"ಕಸಕ್ಕೆ ಹಾಕಿಲ್ಲ ತಾನೆ?"

"ಎಂಥ ಮಾತು! ಕಸಕ್ಕೆ ಹಾಕೋಕೆ ನಾನೇನು ಪಿಶಾಚೀನಾ? ನಮ್ಮಲ್ಲಿ ನೀರು ಬಿಡ್ತೀವಿ. ಮೂರು ದಿನ ಸಣ್ಣಗೆ ನೀರು ಬಿಟ್ಟು ಬೇರಿಗೆ ಇಳಿಸಿಬಿಡ್ತೀವಿ. ಹುಲ್ಲೂ ಉಳೀತದೆ, ಅವರೂ ಉಳೀತಾರೆ. ಯಾಕೆ?"

ಮುಗಿಯಿತು. ಗುಡಿಸಿದ್ದರೆ ಸಿಗುತ್ತಿದ್ದರು, ಬೇರಿಗೆ ಇಳಿದವರು ಸಿಗುವುದಿಲ್ಲ. ಗ್ರೇಡಿ ಹಸಿ ಬಣ್ಣದ ಮೇಲೇ ಕುಸಿದು ಕೂತುಬಿಡುತ್ತಾನೆ. ದೂರದಿಂದ ಮೇಲ್ವಿಚಾರಕ ಚೀರುತ್ತ ಬರುತ್ತಿದ್ದಾನೆ: "ಏನ್ರೀ ಅದು ಹೆಜ್ಜೆ ಗುರುತು! ಬಾಗಿಲು ತೆಗಿಯೋ ಹೊತ್ತಾಯ್ತು! ಟಿವಿಯವ್ರಿಗೆ ಏನು ತೋರ್ಸೋಣ?" ಹೊರಗೆ ಮೊದಲ ಡಬ್ಬಿಗಳ ಸದ್ದು ಶುರುವಾಗಿದೆ.

"ನಮ್ಮಪ್ಪ ಶತ್ರುಗಳ ನೆಲದಲ್ಲಿ ಮೇಡಂ, ಒಬ್ಬರೇ. ಕೊನೇ ತನಕ. ನನ್ನ ಕೈಯಾರೆ," ಎಂದು ಆತ ಮಕ್ಕಳ ಹಾಗೆ ಅಳುತ್ತಾನೆ.

ರೇನೆಲ್ ಮೇಲ್ವಿಚಾರಕನ ಕಡೆ ಒಂದು ಕೈ ಎತ್ತಿ ತಡೆಯುತ್ತಾರೆ. ಆಮೇಲೆ ಸವೆದ ಮಂಡಿಗಳನ್ನು ಬೈದುಕೊಳ್ಳುತ್ತ ಗ್ರೇಡಿಯ ಪಕ್ಕ ಕೂರುತ್ತಾರೆ.

"ನೋಡಪ್ಪ, ಒಬ್ಬರೇ ಯಾಕಿರ್ಬೇಕು? ಅಮ್ಮ ಹೋಗ್ಬೇಕಾಗಿದ್ದು ಅಲ್ಲಿಗೇ ತಾನೆ? ಕರ್ಕೊಂಡು ಹೋಗಿ ಪಕ್ಕದಲ್ಲೇ ಹಾಕು. ನಲವತ್ತು ವರ್ಷ ಮ್ಯಾರೆಟ್ ಹೆಂಗಸಿನ ಪಕ್ಕ ಮಲಗಿದ ಮನುಷ್ಯ ಆತ. ಇನ್ನು ಸ್ವಲ್ಪ ದಿನ ಸಹಿಸ್ಕೋತಾರೆ ಬಿಡು."

ಗ್ರೇಡಿ ಮೂಗು ಒರೆಸಿಕೊಳ್ಳುತ್ತಾನೆ. ಅಳುವಿನ ನಡುವೆಯೇ ನಗು ಬಂದುಬಿಡುತ್ತದೆ. ಇಮೋಜೀನ್ ಅವರನ್ನು ತುಂಬಿಕೊಡಲು ಸಿಕ್ಕಿದ್ದು ಒಂದು ತಗಡಿನ ಊಟದ ಡಬ್ಬಿ. ಅದರ ಮೇಲಿನ ಬ್ಯಾಕ್ಸ್‌ಲಿ ಚೀಟಿಯನ್ನು ರೇನೆಲ್ ಉಗುರಿನಿಂದ ಕೆರೆದು ತೆಗೆಯುತ್ತಾರೆ. ಆಮೇಲೆ ಹೆಜ್ಜೆಗುರುತುಗಳ ಮೇಲೆ ಹಸಿರು ಬಣ್ಣ ಹೊಡೆದು, ಬಿಳಿಗೆರೆ ಹೊಸದಾಗಿ ಎಳೆದು, ಮೂಲೆಗೆ ನೀಲಿ ಮುಗಿಸುವುದಕ್ಕೂ ಬಾಗಿಲು ತೆಗೆಯುವುದಕ್ಕೂ ಸರಿಹೋಗುತ್ತದೆ. ಟಿವಿಯವರು ಹೊಗಳಿದ್ದು ಡಬ್ಬಿಗಳನ್ನು, ಹೊಳೆಯನ್ನು, ಹಂದಿಮಾಂಸವನ್ನು.

ಭಾನುವಾರ ಗ್ರೇಡಿ ಒಬ್ಬನೇ ಹೋಗಲಾರೆ ಎಂದ. ರೇನೆಲ್ ಚರ್ಚು ಮುಗಿಸಿ, ಒಳ್ಳೆ ಬಟ್ಟೆಯಲ್ಲೇ ಆತನ ಕಾರು ಹತ್ತಿದರು. ಮ್ಯಾರೆಟ್‌ನ ಬಾಣಲೆಯೊಳಗೆ ಮೆಟ್ಟಿಲಿಳಿದವರು ಕಣ್ಣು ಕಣ್ಣು ಬಿಟ್ಟು ನಿಂತರಂತೆ. ಆಕಾಶ ಬಿಟ್ಟರೆ ಇನ್ನೇನೂ ಕಾಣದು, ತಮ್ಮ ಉಸಿರು ತಮಗೇ ಕೇಳುತ್ತಿತ್ತು. ಬಗ್ಗಿ ಹುಲ್ಲಿನೊಳಗೆ ಬೆರಳಿಟ್ಟು ನೋಡಿದರು. "ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಮೈ ಜುಮ್ಮಂತು. ಊರಲ್ಲಿ ಯಾರಿಗೂ ಹೇಳ್ಬೇಡಿ, ನನಗೆ ಬಹಿಷ್ಕಾರ ಹಾಕ್ತಾರೆ," ಎನ್ನುತ್ತಾರೆ.

ಲಮಾರ್ ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತಿದ್ದರು. ಗ್ರೇಡಿ ಅಮ್ಮನನ್ನು ಅಪ್ಪ ಇದ್ದ ಪೂರ್ವದ ಮೂಲೆಯಲ್ಲೇ ತೆಳ್ಳಗೆ ಉದುರಿಸಿದ. ಲಮಾರ್ ಸಣ್ಣಗೆ ನೀರು ಬಿಟ್ಟರು. ಗ್ರೇಡಿ ಮೆಟ್ಟಿಲು ಹತ್ತಿದಾಗ ರೇನೆಲ್ ಲಮಾರ್ ಜೊತೆ ಹಿಂದೆ ಉಳಿದರು.

"ಲಮಾರ್, ಶನಿವಾರ ಈ ಮೂಲೆಗೂ ಕಿತ್ತಳೆ ಹೊಡೀತೀರಲ್ವಾ?"

"ಹೊಡೀಲೇಬೇಕಲ್ಲ ತಾಯಿ, ಗೋಲುಪಟ್ಟಿ."

"ಆ ಮನುಷ್ಯನ ಮೇಲೆ ಹೊಡೀಬೇಡಿ. ಪಂಥ ಸೋತು ಸಾಯೋ ತನಕ ತೊಟ್ಟಿದ್ದಾರೆ, ಸಾಕು."

ಲಮಾರ್ ಬಿಳಿಗೆರೆಯ ಕಡೆ ಒಮ್ಮೆ ನೋಡಿದರು. ಕೊಳವೆ ಸುತ್ತಿಕೊಂಡು ಹೊರಟುಹೋದರು.

ಮುಂದಿನ ಶನಿವಾರ ಬ್ಯಾಕ್ಸ್‌ಲಿ ತಂಡ ಪರವೂರಿನಲ್ಲಿ. ಹುಲ್ಲು ಕೆಲಸದವರ ಕೋಣೆಯಲ್ಲಿ ಪುಟ್ಟ ಟಿವಿ ಹಾಕಿಕೊಂಡು ರೇನೆಲ್ ಮ್ಯಾರೆಟ್ ಆಟ ನೋಡುತ್ತಾರೆ. ಜೊತೆಯವರಿಗೆ ಆಘಾತ. "ಏನಕ್ಕ, ಪಕ್ಷ ಬದಲಾಯ್ಸಿದ್ರಾ?" ಎಂದು ಛೇಡಿಸುತ್ತಾರೆ. ಕ್ಯಾಮೆರಾ ಚೆಂಡಿನ ಹಿಂದೆ ಮೂಲೆಯವರೆಗೆ ಓಡುತ್ತದೆ. ಗೋಲುಪಟ್ಟಿಯ ತುಂಬ ಕಣ್ಣು ಕುಕ್ಕುವ ಕಿತ್ತಳೆ. ಪೂರ್ವದ ಮೂಲೆಯಲ್ಲಿ ಮಾತ್ರ ಬಿಳಿಗೆರೆ ಒಳಮುಖವಾಗಿ ಒಂದು ಮೊಳ ಅಗಲವಾಗಿದೆ, ಅಷ್ಟು ಜಾಗಕ್ಕೆ ಕಿತ್ತಳೆ ತಾಕಿಲ್ಲ. ಅಂಚು ಕತ್ತರಿಸಿದಷ್ಟು ನೇರ. ಟಿವಿಯಲ್ಲಿ ಆಟ ವಿವರಿಸುವವರು ಗಮನಿಸುವುದಿಲ್ಲ, ಆಟಗಾರ ಅದರ ಮೇಲೇ ಬಿದ್ದು ಎದ್ದು ಓಡುತ್ತಾನೆ.

ರೇನೆಲ್ ಪರದೆಯ ಮೇಲೆ ನೀಲಿ ಉಗುರನ್ನು ಇಡುತ್ತಾರೆ.

"ಯಾರಿಗೂ ಗೊತ್ತಾಗಲ್ಲ. ಹರ್ಷೆಲ್‌ಗೆ ಗೊತ್ತಾದ್ರೆ ಸಾಕು."