ಕೆರೆಯಂಗಳದ ಐದು ಹೊಡೆತ

ಅತ್ತೆಯ ಬಲಗೈ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಎಡಗೈ ಮಾತ್ರ ಮಣಿಕಟ್ಟಿನವರೆಗೆ ಬೆಳ್ಳಗೆ. ಗಾಲ್ಫ್ ಆಡುವಾಗ ಎಡಗೈಗೊಂದೇ ಗ್ಲೌಸ್ ಹಾಕುತ್ತಿದ್ದುದರ ಗುರುತು ಅದು. ಮದುವೆಮನೆಯಲ್ಲಿ ಹೆಂಗಸರು ಚರ್ಮದ ಕಾಯಿಲೆಯೇನೋ ಎಂದು ಪಿಸುಗುಟ್ಟಿದರೆ ಬೇಕೆಂದೇ ಎರಡೂ ಕೈ ಚಾಚಿ ತೋರಿಸುತ್ತಿದ್ದರು. ಅಂಥ ಜಂಬ!

ಅವರು ಅಪ್ಪನ ತಂಗಿ. ದೂರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದಾಗ ಕಲಿತ ಆಟವನ್ನು ಅಜ್ಜಂಪುರಕ್ಕೆ ಹೊತ್ತು ತಂದಿದ್ದರು. ಇಲ್ಲಿ ಮೈದಾನ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಬುಕ್ಕಾಂಬುಧಿ ಕೆರೆಯ ನೀರು ಹಿಂದೆ ಸರಿದ ಮೇಲೆ, ಒಣಗಿದ ಅಂಗಳದಲ್ಲಿ ಡಬ್ಬಿಗಳನ್ನು ಹೂತು ಕುಳಿ ಮಾಡುತ್ತಿದ್ದರು. ಕುರಿ ಮೇಯಿಸುವವರಿಗೆ ಅದೊಂದು ತಮಾಷೆ. ಜೊತೆಗೆ ಆಡಲು ಸಿಕ್ಕವಳು ನಾನೊಬ್ಬಳೇ, ಕಡೂರಿನ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದವಳು.

ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆಲ್ಲುವ ಆಟ. ಮೊದಮೊದಲು ನನಗೆ ಹ್ಯಾಂಡಿಕ್ಯಾಪ್ ಎಂಬ ರಿಯಾಯಿತಿ ಕೊಟ್ಟಾಗ ಮುಖ ಊದಿಸಿಕೊಂಡಿದ್ದೆ.

"ಮಾಮೂಲಿ ಆಟದಲ್ಲಿ ನನಗಿಂತ ಒಂಬತ್ತು ಹೊಡೆತ ಜಾಸ್ತಿ ತಗೋತೀಯ. ಕೊನೇಲಿ ಆ ಒಂಬತ್ತು ಕಳೆದ್ರೆ ಇಬ್ರೂ ಸಮ. ದಯೆ ಅಲ್ಲ ಕಣೇ ಇದು, ಲೆಕ್ಕ. ಅದರ ಮೇಲೆ ಬಿಟ್ಕೊಡೋದು ಗಿಟ್ಕೊಡೋದು ಇಲ್ಲ," ಎಂದಿದ್ದರು.

ಆಮೇಲೆ ಅತ್ತೆಗೆ ಕಾಯಿಲೆ ಬಂತು. ಭುಜದ ಬಲ ಸೋರಿಹೋಯಿತು. ಮುಂಗಾರಿನ ಮೋಡ ಕಟ್ಟಿದ್ದ ಒಂದು ಸಂಜೆ, ಕೆರೆಗೆ ನೀರು ಬರುವ ಮುಂಚೆ ಒಂದಾಟ ಆಡಲೇಬೇಕೆಂದು ಹಟ ಹಿಡಿದು ಬಂದರು. ಮುಂದಿನ ಬೇಸಿಗೆ ಅವರಿಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಈಗಿನ ಲೆಕ್ಕದ ಪ್ರಕಾರ ನೀನೇ ನಂಗೆ ಐದು ಹೊಡೆತ ಕೊಡ್ಬೇಕು," ಎಂದರು, ನನ್ನ ಮುಖ ನೋಡದೆ. ಆ ಜಂಬದ ಹೆಂಗಸಿಗೆ ಅಷ್ಟು ಹೇಳಲು ಎಷ್ಟು ಕಷ್ಟವಾಯಿತೋ.

ಕೊನೆಯ ಕುಳಿ. ಅತ್ತೆ ತಮ್ಮ ಆಟ ಮುಗಿಸಿ ಏದುಸಿರು ಬಿಡುತ್ತಾ ನಿಂತಿದ್ದರು. ನನ್ನ ಚೆಂಡು ಡಬ್ಬಿಯಿಂದ ಒಂದು ಮಾರು ದೂರದಲ್ಲಿತ್ತು. ಅವರ ಐದು ಕಳೆದ ಮೇಲೆ, ಇದು ಬಿದ್ದರೆ ನನ್ನ ಗೆಲುವು, ತಪ್ಪಿದರೆ ಇಬ್ಬರೂ ಸಮ. ಸಮವಾಗಲಿ ಬಿಡು ಎಂದಿತು ಮನಸ್ಸು. ಮಳೆಹನಿ ಶುರುವಾಯಿತು. ಡಬ್ಬಿಯಿಂದ ತುಸು ಪಕ್ಕಕ್ಕೆ ಗುರಿಯಿಟ್ಟು ನಿಂತೆ.

"ಲೇ," ಹಿಂದಿನಿಂದ ಅತ್ತೆಯ ದನಿ. "ಐದು ನಾನೇ ಕೇಳಿ ಇಸ್ಕೊಂಡಿದೀನಿ. ಆರನೇದು ಕೊಟ್ಟೆ ಅಂದ್ರೆ ಈ ಜನ್ಮದಲ್ಲಿ ನಿನ್ನ ಮಾತಾಡ್ಸಲ್ಲ."

ಉಸಿರು ಬಿಗಿಹಿಡಿದು ಹೊಡೆದೆ. ಚೆಂಡು ಡಬ್ಬಿಯ ಅಂಚು ಸುತ್ತಿ, ಒಂದು ಗಳಿಗೆ ನಿಂತಂತೆ ಮಾಡಿ, ಒಳಗೆ ಬಿತ್ತು. ಅತ್ತೆ ಗ್ಲೌಸ್ ಕಳಚಿ ಕಪ್ಪು ಬಿಳಿ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, "ಚೆನ್ನಾಗಿ ಹೊಡೆದೆ ಕಣೇ," ಎಂದರು.

ಆ ವರ್ಷ ಕೆರೆ ತುಂಬಿತು. ನೀರು ಇಳಿಯುವ ಮೊದಲೇ ಅತ್ತೆ ಹೋದರು. ಹೋಗುವ ದಿನದವರೆಗೂ ನನ್ನೊಡನೆ ಮಾತಾಡಿದರು.