ಅಣ್ಣನ ಸಾವಿಗೆ ಸಿನಿಮಾದ ಮಾತು

ಸಿನಿಮಾ ಶುರುವಾಗುವ ಮೊದಲೇ ಮುಂದಿನ ಸಾಲಿನಿಂದ ಡಾಂಬರ್ ಗುಳಿಗೆಯ ವಾಸನೆ ಬಂತು. ಹುಬ್ಬಳ್ಳಿಯ ಮಾಲಿನ ಥಿಯೇಟರಿನಲ್ಲಿ ಏಸಿ ಜೋರಿರುತ್ತದೆಂದು ಯಾರೋ ಹಿರಿಯರು ಟ್ರಂಕಿನಲ್ಲಿದ್ದ ಸ್ವೆಟರ್ ಹಾಕಿಕೊಂಡು ಬಂದಿದ್ದರು. ಪಾಪ್‌ಕಾರ್ನಿನ ಘಮವನ್ನೂ ಮೀರಿ ಆ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಓಣಿಯ ಹವಾಲ್ದಾರ ಕಾಕಾ ಎದುರಿಗೆ ಬಂದು ನಿಂತಂತಾಯಿತು. ಬರುವುದು ಬೇಕಿರಲಿಲ್ಲ. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಯುದ್ಧದ ಸಿನಿಮಾಕ್ಕೆ ನಾನಾಗಿ ಹೋಗುವವಳಲ್ಲ. “ಇದು ಭಾಳ ರಿಯಲ್ ಐತಂತ, ಬಾ ಅವ್ವಾ” ಎಂದು ಮಗಳು ಎಳೆದುಕೊಂಡು ಹೋಗಿದ್ದಳು. ರಿಯಲ್ ಅಂತೆ! ನಾಯಕ ಹಿಮದ ಗುಡ್ಡ ಹತ್ತುತ್ತಾನೆ, ತಲೆಯ ಕೂದಲು ಕೆದರುವುದಿಲ್ಲ. ಬಂದೂಕಿನ ಗುಂಡು ಮುಗಿಯುವುದಿಲ್ಲ. ಎಲ್ಲಿಂದಲೋ ಪಿಟೀಲು ಬೇರೆ. ಥಿಯೇಟರಿನ ಮಂದಿ ಶೇಂಗಾ ತಿಂದಷ್ಟು ಸಲೀಸಾಗಿ ಸಾವು ನೋಡಿ ಸೀಟಿ ಹೊಡೆಯುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹವಾಲ್ದಾರ ಕಾಕಾ ನಾವು ಬೆಳೆದ ಮಾಳಮಡ್ಡಿಯಲ್ಲಿ ನಮ್ಮ ಎದುರುಮನೆಯವರು. ಅಣ್ಣನಿಗೆ ಸೈನ್ಯದ ಹುಚ್ಚು ಹಿಡಿಸಿದ್ದೇ ಅವರು, ಕೊನೆಗೆ ಇಬ್ಬರೂ ಒಂದೇ ತುಕಡಿಯಲ್ಲಿದ್ದರು. ಗಡಿಯ ಗುಡ್ಡಗಳಲ್ಲಿ ಕಾಳಗ ನಡೆದ ಆ ಬೇಸಿಗೆ ಅಣ್ಣ ಪೆಟ್ಟಿಗೆಯಲ್ಲಿ ಬಂದ. ತೆರೆಯಬೇಡಿ ಎಂದು ಜೊತೆಗೆ ಬಂದವರು ಹೇಳಿದರು. ಊರ ಮಂದಿ ಘೋಷಣೆ ಕೂಗಿದರು, ಭಾಷಣ ಮಾಡಿದರು, ಫೋಟೋ ತೆಗೆಸಿಕೊಂಡರು. ಅವ್ವ ಮಾತ್ರ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು, “ಹ್ಯಾಂಗ ಹೋದಾ ನನ್ನ ಮಗಾ?” ಉತ್ತರ ಕೊಡಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ದಸರೆಯ ಹೊತ್ತಿಗೆ ಕಾಕಾ ರಜೆಯ ಮೇಲೆ ಬಂದರು. ಚಳಿ ಇನ್ನೂ ಬಿದ್ದಿರಲಿಲ್ಲ, ಆದರೂ ಮೈಮೇಲೆ ಸೈನ್ಯದ ಹಸಿರು ಸ್ವೆಟರ್, ಅದರ ಡಾಂಬರ್ ಗುಳಿಗೆ ವಾಸನೆ. ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕುಳಿತರು. ಓಣಿಯ ಮಂದಿಯೆಲ್ಲ ಸೇರಿದರು. ಅಣ್ಣ ಎದೆಗೆ ಗುಂಡು ಬಿದ್ದರೂ ಗುಡ್ಡ ಹತ್ತಿದನಂತೆ. ವೈರಿಗಳನ್ನು ಕೆಡವಿ, ಕಾಕಾನ ತೊಡೆಯ ಮೇಲೆ ತಲೆಯಿಟ್ಟನಂತೆ. “ಅವ್ವಗ ಹೇಳ್ರಿ, ಗುಂಡು ಎದಿಗೇ ತಗೊಂಡೇನಿ, ಬೆನ್ನಿಗಲ್ಲ” ಅಂದನಂತೆ. ಆಮೇಲೆ ನಕ್ಕು, ಅವ್ವ ಮಾಡಿದ ಮಾದಲಿ ಒಂದು ತುತ್ತು ತಿನ್ನಬೇಕನಿಸುತ್ತದೆ ಎಂದು ಕಣ್ಣು ಮುಚ್ಚಿದನಂತೆ.

ಪಡಸಾಲೆಯೆಲ್ಲ ಅತ್ತಿತು. ನಾನೂ ಅತ್ತೆ. ಆದರೆ ಅಳುವಿನ ನಡುವೆಯೇ ಒಂದು ಮಾತು ಹಲ್ಲಿಗೆ ಸಿಕ್ಕ ಹರಳಿನಂತೆ ಕಟಕ್ ಎಂದಿತು. ಅಣ್ಣನಿಗೆ ಮಾದಲಿ ಸೇರುತ್ತಲೇ ಇರಲಿಲ್ಲ. ಹಬ್ಬದಲ್ಲಿ ಆ ಸಿಹಿಪುಡಿಯನ್ನು ತಾಟಿಗೆ ಬಡಿಸಿದರೆ “ಬೆಲ್ಲದ ಉಸುಕು” ಎಂದು ನನ್ನ ತಾಟಿಗೆ ತಳ್ಳುತ್ತಿದ್ದ. ಸಾಯುವವನ ನಾಲಿಗೆ ಏನು ಬೇಡುತ್ತದೋ ಬದುಕಿದವರಿಗೇನು ಗೊತ್ತು ಎಂದು ಸುಮ್ಮನಾದೆ.

ಅಂದಿನಿಂದ ಪ್ರತಿವರ್ಷ ಅಣ್ಣ ಹೋದ ದಿನ ಅವ್ವ ಮಾದಲಿ ಮಾಡುತ್ತಿದ್ದಳು. ಗೋಧಿ, ಬೆಲ್ಲ, ಗಸಗಸೆ, ಏಲಕ್ಕಿ, ಯಾವುದರಲ್ಲೂ ಕೈ ಹಿಡಿಯುತ್ತಿರಲಿಲ್ಲ. ಮೊದಲ ತಾಟು ಎದುರುಮನೆಗೆ. ನಿವೃತ್ತರಾಗಿ ಬಂದಿದ್ದ ಕಾಕಾ ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದರು. ಆ ಕತೆಯೂ ಬೆಳೆಯಿತು. ಸಾಲಿಯ ಗ್ಯಾದರಿಂಗಿಗೆ, ಗಣಪತಿ ಪೆಂಡಾಲಿಗೆ ಕಾಕಾನನ್ನು ಕರೆದರು, ಶಾಲು ಹೊದಿಸಿದರು, ಕತೆ ಹೇಳಿಸಿದರು...

ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಹಳೆಯ ಹಿಂದಿ ಸಿನಿಮಾ ಬಂತು. ಅವ್ವ ನೆಲದ ಮೇಲೆ ಕುಳಿತು ಮೆಂತ್ಯಸೊಪ್ಪು ಸೋಸುತ್ತಿದ್ದಳು. ಒಬ್ಬ ಸಿಪಾಯಿ ಎದೆಗೆ ಗುಂಡು ತಿಂದು ಗುಡ್ಡ ಹತ್ತಿದ. ಗೆಳೆಯನ ತೊಡೆಯ ಮೇಲೆ ತಲೆಯಿಟ್ಟ. ಅಮ್ಮನಿಗೆ ಹೇಳು, ಬೆನ್ನಿಗಲ್ಲ ಎಂದ. ಆಮೇಲೆ ನಕ್ಕು, ಅಮ್ಮ ಮಾಡುವ ಗಜ್ಜರಿ ಹಲ್ವಾ ಬೇಕೆನಿಸುತ್ತದೆ ಎಂದು ಕಣ್ಣು ಮುಚ್ಚಿದ. ಆ ನಗುವೂ ಅದೇ! ಹಲ್ವಾ ಹೋಗಿ ಮಾದಲಿ ಆಗಿತ್ತು, ಅಷ್ಟೇ. ಅಣ್ಣ ಪೆಟ್ಟಿಗೆಯಲ್ಲಿ ಬರುವುದಕ್ಕೆ ಎಷ್ಟೋ ವರ್ಷ ಮೊದಲು ತೆಗೆದ ಸಿನಿಮಾ ಅದು. “ಬಂದ್ ಮಾಡದನ್ನ” ಎಂದಳು ಅವ್ವ. ನಾನು ಬಂದ್ ಮಾಡಿ ನೇರ ಎದುರುಮನೆಗೆ ಹೋದೆ.

ಕಾಕಾ ಕಟ್ಟೆಯ ಮೇಲೆ ಕುಳಿತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ನಿವೃತ್ತರಾದರೂ ಆ ಚಾಳಿ ಬಿಟ್ಟಿರಲಿಲ್ಲ.

“ಕಾಕಾ, ನೀವು ಹೇಳಿದ್ದು ಯಾರ ಸಾವುರಿ? ನಮ್ಮ ಅಣ್ಣಂದೋ, ಆ ಸಿನಿಮಾದಾಂವಂದೋ?”

ಬ್ರಷ್ ನಿಂತಿತು. ತಪ್ಪಾಯಿತು ಎನ್ನುತ್ತಾರೆಂದುಕೊಂಡಿದ್ದೆ. ಅವರು ನನ್ನ ಮೇಲೆಯೇ ಹರಿಹಾಯ್ದರು.

“ಖರೇ ಬೇಕೇನ ನಿನಗ? ಕೇಳು ಹಂಗಾದ್ರ. ಹಿಮಾ ಕಾಸಿ ಕುಡದು ಎಲ್ಲಾರ ಹೊಟ್ಟಿ ಕೆಟ್ಟಿದ್ವು. ಅಂವ ಡಬ್ಬಿ ತಗೊಂಡು ಬಂಡಿಗಲ್ಲಿನ ಹಿಂದ ಹೋಗಿದ್ದಾ. ಶೆಲ್ ಬಿತ್ತು. ಗುಡ್ಡಾ ಹತ್ತಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ಇದನ್ನ ನಿಮ್ಮ ಅವ್ವನ ಮುಂದ, ಓಣಿ ಮಂದಿ ಮುಂದ ಹೇಳಬೇಕಿತ್ತೇನು?”

“ನಿಮ್ಮ ತೊಡಿ ಮ್ಯಾಲೆ ತಲಿ ಇಟ್ಟಿದ್ದಾ?”

“ಎಲ್ಲೀ ತೊಡಿ! ತಲಿ ಎತ್ತಿದ್ರ ಗುಂಡು ಬರತಿದ್ವು. ಸಂಜೀತನಾ ಯಾರೂ ಅವನ ಹತ್ರ ಹೋಗಾಕ ಆಗಲಿಲ್ಲ. ಮಧ್ಯಾಹ್ನಾ ಪೂರಾ ಒದರಾಕತ್ತಿದ್ದಾ...”

“ಏನಂತ ಒದರಾಕತ್ತಿದ್ದಾ?”

ಅವರು ಬ್ರಷ್ ಕೆಳಗಿಟ್ಟರು. “ಅದೊಂದು ಕೇಳಬ್ಯಾಡ” ಎಂದು ಬೂಟು ಎತ್ತಿಕೊಂಡು ಒಳಗೆ ಹೋದರು.

ಮನೆಗೆ ಬಂದೆ. ಅವ್ವ ಸೊಪ್ಪಿನಿಂದ ತಲೆ ಎತ್ತಲಿಲ್ಲ. “ಅವಗ ಮಾದಲಿ ಸೇರತಿರಲಿಲ್ಲಂತ ನನಗ ಗೊತ್ತಿಲ್ಲೇನು? ಹಡದಾಕಿ ನಾ. ಆ ಹವಾಲ್ದಾರ ಏನರ ಹೇಳಿರಲಿ, ನನ್ನ ಮುಂದ ತರಬ್ಯಾಡ” ಎಂದಳು. ಮುಂದಿನ ವರ್ಷವೂ ಮಾದಲಿ ಮಾಡಿದಳು, ಮೊದಲ ತಾಟು ಎದುರುಮನೆಗೇ ಹೋಯಿತು. ಅವ್ವನ ಮೇಲೂ ನನಗೆ ಸಿಟ್ಟು ಬಂತು. ಇಬ್ಬರೂ ಕೂಡಿ ನನ್ನ ಅಣ್ಣನನ್ನು ಮನೆಯಿಂದ ಹೊರಗೆ ಹಾಕಿ, ಬಣ್ಣ ಹಚ್ಚಿದ ಯಾವನೋ ನಟನನ್ನು ಫೋಟೋದೊಳಗೆ ಕೂರಿಸಿದ್ದರು. ಹೊಟ್ಟೆ ಕೆಟ್ಟು, ನೋವಿನಲ್ಲಿ ಒದರಿ ಸತ್ತ ಹುಡುಗನಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ. ಸಿನಿಮಾದಲ್ಲಿ ಮೊದಲೇ ಇಲ್ಲ.

ಆಮೇಲೆ ವರ್ಷಗಟ್ಟಲೆ ಕಾಕಾನ ಜೊತೆ ಮಾತು ಬಿಟ್ಟೆ. ಅವ್ವ ತೀರಿಕೊಂಡಳು. ಇನ್ನು ಮುಚ್ಚಿಡುವುದಕ್ಕೆ ಕಾರಣವಿಲ್ಲ, ಈಗಲಾದರೂ ಹೇಳಲಿ ಎಂದು ಎದುರುಮನೆಯ ಮೆಟ್ಟಿಲು ಹತ್ತಿದೆ. ಕಾಕಾ ಹಾಸಿಗೆ ಹಿಡಿದಿದ್ದರು. ಮಾತಿಗೆ ಮಾತು ಕೂಡುತ್ತಿರಲಿಲ್ಲ, ಸೊಸೆಯ ಗುರುತೂ ಹತ್ತುತ್ತಿರಲಿಲ್ಲ. ಕಿವಿಯ ಹತ್ತಿರ ಬಾಗಿ, “ಕಾಕಾ, ನಮ್ಮ ಅಣ್ಣ ಏನಂತ ಒದರಿದ್ದಾರಿ?” ಎಂದೆ.

ಅಣ್ಣ ಎಂದ ಕೂಡಲೇ ಅವರ ಕಣ್ಣು ಹೊಳೆದವು. “ಭಾಳ ಧೀರ ಹುಡುಗ... ಎದಿಗೆ ಗುಂಡು ಬಿದ್ರೂ ಗುಡ್ಡಾ ಹತ್ತಿದಾ... ನನ್ನ ತೊಡಿ ಮ್ಯಾಲೆ ತಲಿ ಇಟ್ಟು...” ಎಂದು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಹೇಳಿದರು. ಮಾದಲಿಗೆ ಬಂದಾಗ ಅತ್ತರು. ಸುಳ್ಳು ಹೇಳುವವರ ಅಳು ಅದಾಗಿರಲಿಲ್ಲ. ಎಲ್ಲ ಅಳಿಸಿಹೋಗಿ ಅದೊಂದೇ ಉಳಿದಿತ್ತು. ನಾನು ಭುಜ ಹಿಡಿದು ಅಲುಗಾಡಿಸಿ ಮತ್ತೆ ಕೇಳಿದೆ, ಅವರು ಮತ್ತೆ ಅದನ್ನೇ ಹೇಳಿದರು. ಸಂಕ್ರಾಂತಿಯ ಆಚೆಈಚೆ ತೀರಿಕೊಂಡರು. ನಾನು ಮಣ್ಣಿಗೂ ಹೋಗಲಿಲ್ಲ.

ಮೊನ್ನೆ ಥಿಯೇಟರಿನಲ್ಲಿಯೂ ನಾಯಕ ಸತ್ತ. ಸಾವಕಾಶವಾಗಿ, ತುಂಬ ಮಾತಾಡಿ. ಸೀಟಿ ಹೊಡೆಯುತ್ತಿದ್ದವರೆಲ್ಲ ಮೂಗು ಒರೆಸಿಕೊಂಡರು. ಮಗಳೂ ಅಳುತ್ತಿದ್ದಳು. ನನ್ನ ಕೈ ಹಿಡಿದು, “ಮಾಮಾನೂ ಹಿಂಗ ಹೋಗಿದ್ದನೇನು?” ಎಂದಳು.

“ಇಲ್ಲ” ಎಂದೆ, “ಒದರಕೋಂತ ಹೋದಾ.”

ಅವಳು ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ಏನಂತ ಅವ್ವಾ?”

ಅವಳಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.